ಅಂಚು ಸವೆದ ನಾಣ್ಯ

“ಉಜ್ಜಿ ಸವೆದದ್ದಲ್ಲ ಸಾರ್, ಟಂಕಸಾಲೆಯದೇ ತಪ್ಪು, ಅದಕ್ಕೇ ಇದಕ್ಕೆ ಬೆಲೆ. ದಿನಾ ಉಜ್ಜೋಕೆ ಯಾರಿಗಿದೆ ಪುರುಸೊತ್ತು?” ಎಂದು ಮಗರಾಯ ಭೂತಗನ್ನಡಿಯನ್ನು ಮನೆಗೆ ಬಂದಿದ್ದ ನಾಣ್ಯಸಂಗ್ರಾಹಕರ ಸಂಘದ ಅಧ್ಯಕ್ಷರ ಕೈಗಿತ್ತ. ಮನೆಯಲ್ಲೇ ಸಿಕ್ಕಿದ ಆ ಚಲಾವಣೆಯ ನಾಣ್ಯದ ಅಂಚು ಒಂದು ಕಡೆ ಚಪ್ಪಟೆಯಾಗಿತ್ತು. ಅಲ್ಲೇ, ಎರಡೂ ಮುಖಗಳ ಮೇಲೆ ಗೀರುಗಳಿದ್ದವು.

ಹೆಗಲಿಗೆ ಟವೆಲ್ ಹಾಕಿಕೊಂಡು ಬಂದ ತಾಯಿ ಮೇಜಿನತ್ತ ಬಗ್ಗಿದರು. “ಅಯ್ಯೋ, ಇಲ್ಲಿದೆಯೇನೋ! ಮನೆಯೆಲ್ಲ ಜಾಲಾಡಿದ್ನಲ್ಲೋ.”

“ಮುಟ್ಟಬೇಡಮ್ಮ, ಅದು ಅಪರೂಪದ್ದು.”

“ಅಪರೂಪದ್ದೇ ಕಣೋ, ಬೇರೆ ಯಾವುದೂ ಆ ಸಂದಿಗೆ ಹೋಗಲ್ಲ.” ತಾಯಿ ಅಧ್ಯಕ್ಷರ ಕಡೆ ತಿರುಗಿದರು. “ಬಚ್ಚಲುಮನೆ ಚಿಲಕದ ಹಿಡಿ ಮುರಿದಿದೆ ನೋಡಿ. ಇದನ್ನ ತೂರಿಸಿ ತಿರುಗಿಸಿದ್ರೇನೇ ಬಾಗಿಲು ಭದ್ರ. ಇದು ಕಾಣೆಯಾದಾಗಿಂದ ಬಾಗಿಲಿಗೆ ಬಕೆಟ್ ಒತ್ತಿಟ್ಟು ಸ್ನಾನ ಮಾಡ್ತಿದ್ದೀನಿ. ಇವನು ನಾಳೆ ಸರಿ ಮಾಡ್ತೀನಿ ಅಂತಾನೇ ಇದಾನೆ. ಪಾಪ, ಪುರುಸೊತ್ತಿಲ್ಲ.”

ಅಧ್ಯಕ್ಷರು ಭೂತಗನ್ನಡಿಯನ್ನು ಮೆಲ್ಲಗೆ ಮೇಜಿನ ಮೇಲಿಟ್ಟರು. ತಾಯಿ ನಾಣ್ಯ ಎತ್ತಿಕೊಂಡು ಬಚ್ಚಲಿಗೆ ನಡೆದರು. ಒಳಗಿಂದ ಅದು ಕರ್ರೆಂದು ತಿರುಗಿದ ಸದ್ದು ಬಂತು. ಮಗ ತಲೆ ಎತ್ತಲಿಲ್ಲ. ಆ ಸದ್ದು ಅವನಿಗೆ ಹೊಸದೇನಲ್ಲ. ದಿನಾ ಬೆಳಿಗ್ಗೆ ಅದನ್ನು ಕೇಳುತ್ತಲೇ ಅವನು ನಾಣ್ಯಗಳ ಪುಸ್ತಕ ಓದುತ್ತಿದ್ದ.