ಇಡ್ವಾಲನ ಶಿಳ್ಳೆ

ಕುರಿಯ ಬೆನ್ನು ಹತ್ತಿದ್ದ ನಾಯಿ ಪೆರೊ ಇನ್ನೇನು ಜಲಪಾತದ ಅಂಚು ದಾಟಬೇಕು, ಅಷ್ಟರಲ್ಲಿ ಆ ಶಿಳ್ಳೆ ಕೇಳಿಸಿತು. ಉದ್ದಕ್ಕೆ ಎಳೆದು ಕೊನೆಗೆ ಕೆಳಗಿಳಿಯುವ, ಕುರಿನಾಯಿಗೆ ‘ಮಲಗು’ ಎನ್ನುವ ಶಿಳ್ಳೆ. ಅದು ಕೆಳಗಿನ ಸರೋವರವನ್ನು ಹಾದು ಎದುರಿನ ಬೆಟ್ಟಕ್ಕೆ ಬಡಿದು ಮರಳಿತು. ಒಡತಿ ಲೋವ್ರಿ ಗಂಟಲು ಹರಿಯುವಂತೆ ಕೂಗಿದರೂ ಕಿವಿಗೊಡದಿದ್ದ ನಾಯಿ, ಓಡುತ್ತಿದ್ದಲ್ಲೇ ಹೊಟ್ಟೆಯನ್ನು ನೆಲಕ್ಕೊತ್ತಿ ಮಲಗಿಬಿಟ್ಟಿತು. ಕುರಿ ಪಕ್ಕಕ್ಕೆ ನೆಗೆದು ಪಾರಾಯಿತು. ಲೋವ್ರಿಯ ಕೈಯಿಂದ ಕೋಲು ಜಾರಿತು. ಅದು ಅವಳ ಗಂಡ ಇಡ್ವಾಲನ ಶಿಳ್ಳೆ. ಅವನನ್ನು ಮಣ್ಣು ಮಾಡಿ ಆಗಲೇ ಒಂದು ಚಳಿಗಾಲ ಕಳೆದಿತ್ತು.

ಅವಳು ತಿರುಗಿದಳು. ಹೊಳೆಯಾಚೆ, ಗಡಿಯ ಕಲ್ಲುಗೋಡೆಯ ಹಿಂದೆ ಪಕ್ಕದ ಹೊಲದ ಎಮ್ರಿಸ್ ನಿಂತಿದ್ದ, ಎರಡು ಬೆರಳು ಇನ್ನೂ ಬಾಯಲ್ಲೇ. ಅದೇ ಗೋಡೆಯ ಜಗಳದಲ್ಲಿ ಇಡ್ವಾಲನ ಜೊತೆ ಮಾತು ಬಿಟ್ಟವನು, ಸತ್ತಾಗ ಮುಖ ನೋಡಲೂ ಬಾರದವನು.

“ಅವನ ಶಿಳ್ಳೆ ನಿಂಗೆಲ್ಲಿಂದ ಬಂತು?” ಲೋವ್ರಿ ಈಚೆಯಿಂದ ಕೂಗಿ ಕೇಳಿದಳು.

“ದಿನಾ ಬೆಳಗ್ಗೆ ಈ ಗೋಡೆ ಹಿಂದೆ ನಿಂತು ಕೇಳ್ತಿದ್ದೆನಲ್ಲ,” ಎಂದ ಎಮ್ರಿಸ್. “ಬೈಕೊಳ್ಳೋದಕ್ಕಾದ್ರೂ ಆ ಮನುಷ್ಯನ ಸದ್ದು ಬೇಕಿತ್ತು ನಂಗೆ.”

ಪೆರೊ ಅಂಚಿನಲ್ಲೇ ಕಿವಿ ನಿಮಿರಿಸಿ ಮಲಗಿತ್ತು, ಮುಂದಿನ ಶಿಳ್ಳೆಗೆ ಕಾಯುತ್ತ.

“ವಾಪಸ್ ಕರೆಯೋ ಶಿಳ್ಳೆನೂ ಹಾಕಿಬಿಡು ಮಾರಾಯ. ನನ್ನ ಮಾತು ಅದು ಕೇಳಲ್ಲ.”

ಎಮ್ರಿಸ್ ಬೆರಳುಗಳನ್ನು ಮತ್ತೆ ಬಾಯಿಗಿಟ್ಟ. ತುಟಿಗಳು ಅದುರತೊಡಗಿದವು. ಎಷ್ಟು ಊದಿದರೂ ಬರಿಯ ಉಸಿರೇ ಹೊರಬಂತು.