ಹದಿನಾಲ್ಕು ವರ್ಷ ಹಳೆಯ ಪತ್ರ

ರಾಜೀನಾಮೆ ಪತ್ರವನ್ನೂ ಮೇಷ್ಟ್ರು ಮೂರು ಸಲ ತಿದ್ದಿದರು. ಹುಟ್ಟುಗುಣ ಸುಟ್ಟರೂ ಹೋಗುವುದಿಲ್ಲವಲ್ಲ. ಅವರು ಯಾವ ಶಾಲೆಯಲ್ಲೂ ಪಾಠ ಹೇಳಿದವರಲ್ಲ. ಮುದ್ರಣಾಲಯದಲ್ಲಿ ಮೂವತ್ತೊಂದು ವರ್ಷ ಕರಡು ತಿದ್ದುತ್ತಾ ಎಲ್ಲರ ತಪ್ಪು ಹಿಡಿದದ್ದಕ್ಕೆ ಆ ಹೆಸರು ಅಂಟಿಕೊಂಡಿತ್ತು.

ಈಗ ಅವರ ಕೈಯಿಂದಲೇ ತಪ್ಪುಗಳು ದಾಟಿಹೋಗುತ್ತಿದ್ದವು. ಎರಡು ತಿಂಗಳಿಂದ ಹೀಗೆ. ಕಂಪ್ಯೂಟರಿನಲ್ಲಿ ತಿದ್ದಿಟ್ಟ ತಪ್ಪು ಮರುದಿನ ನೋಡಿದರೆ ಅದೇ ಜಾಗದಲ್ಲಿ ಕೂತಿರುತ್ತಿತ್ತು. ತಿದ್ದಿದೆನೋ, ತಿದ್ದಿದೆ ಅಂದುಕೊಂಡೆನೋ ಎಂದು ಅವರಿಗೇ ಅನುಮಾನ. ನಿನ್ನೆಯಂತೂ ಎಳೆ ಮಕ್ಕಳ ಔಷಧಿಯ ಚೀಟಿಯಲ್ಲಿ ಐದು ಹನಿ ಎಂದಿರಬೇಕಾದಲ್ಲಿ ಐವತ್ತು ಹನಿ ಎಂದು ಅಚ್ಚಿನ ಯಂತ್ರದವರೆಗೂ ಹೋಗಿತ್ತು. ಯಂತ್ರ ನಡೆಸುವವನ ಕಣ್ಣಿಗೆ ಬಿದ್ದದ್ದರಿಂದ ಉಳಿಯಿತು. ಯಜಮಾನರು ಬೈಯಲಿಲ್ಲ, ವಯಸ್ಸಾಯಿತಲ್ಲ ಎಂದು ಬೆನ್ನು ತಟ್ಟಿದರು. ಬೈದಿದ್ದರೇ ಚೆನ್ನಾಗಿತ್ತು.

ಮನೆಯಲ್ಲಿ ಹೆಂಡತಿ ದಿನಾ ಬೆಳಿಗ್ಗೆ ಕಾಫಿ ಕೊಡುತ್ತಾ, ಸುಮ್ಮನೆ ಮಾತಿಗೆ ಎಂಬಂತೆ, ಇವತ್ತು ಯಾವ ವಾರ, ತಾರೀಕೆಷ್ಟು ಎಂದು ಕೇಳುತ್ತಿದ್ದಳು. ಅದು ಪರೀಕ್ಷೆ ಎಂದು ಅವರಿಗೂ ಗೊತ್ತು, ಅವರಿಗೆ ಗೊತ್ತಿದೆ ಎಂದು ಅವಳಿಗೂ ಗೊತ್ತು. ಮೇಷ್ಟ್ರು ಹಾಸಿಗೆಯಲ್ಲೇ ತಾರೀಕು ಬಾಯಿಪಾಠ ಮಾಡಿಕೊಂಡು ಏಳುತ್ತಿದ್ದರು. ತಲೆಯೇ ಕೈಕೊಟ್ಟರೆ ತನ್ನಲ್ಲಿ ಉಳಿಯುವುದೇನು ಎಂಬ ಭಯ ಅವರದು.

ಪತ್ರವನ್ನು ಕಾಗದದ ಮೇಲೆ ತೆಗೆದುಕೊಡಲು ಅವರು ಕಂಪ್ಯೂಟರುಗಳನ್ನು ನೋಡಿಕೊಳ್ಳುವ ಹುಡುಗಿಯನ್ನು ಕರೆದರು. ಅವಳು ಫೈಲುಗಳ ಪಟ್ಟಿ ತೆರೆದು ಹುಬ್ಬು ಗಂಟಿಕ್ಕಿದಳು.

“ಮೇಷ್ಟ್ರೇ, ಇದನ್ನ ಯಾವಾಗ ಬರೆದ್ರಿ?”

“ಈಗ ತಾನೇ ಕಣಮ್ಮ.”

“ಹದಿನಾಲ್ಕು ವರ್ಷದ ಹಿಂದಿನದು ಅಂತ ತೋರಿಸ್ತಿದೆ. ಜನವರಿ ಒಂದು.”

ಆಗಲೇ ಬರೆದಿಟ್ಟು ಮರೆತುಬಿಟ್ಟೆನೇ ಎಂದು ಮೇಷ್ಟ್ರು ಒಂದು ಗಳಿಗೆ ನಿಜವಾಗಿಯೂ ಯೋಚಿಸಿದರು.

ಹುಡುಗಿ ಕಂಪ್ಯೂಟರಿನ ಮುಚ್ಚಳ ಬಿಚ್ಚಿ, ಒಳಗಿನಿಂದ ಕೋಟಿನ ಗುಂಡಿಯಷ್ಟು ಗಾತ್ರದ ಸೆಲ್ಲೊಂದನ್ನು ಕಿತ್ತು ತೆಗೆದಳು. ಕರೆಂಟು ಇಲ್ಲದಾಗಲೂ ಗಡಿಯಾರ ನಡೆಸಬೇಕಾದ ಅದು ಸತ್ತುಹೋಗಿತ್ತು. ಸಂಜೆ ಮೇನ್ ಸ್ವಿಚ್ ಆರಿಸಿಯೇ ಹೋಗಬೇಕೆಂದು ಯಜಮಾನರು ಎರಡು ತಿಂಗಳ ಹಿಂದೆ ಕಟ್ಟಪ್ಪಣೆ ಮಾಡಿದ್ದರು. ಅಂದಿನಿಂದ ಈ ಕಂಪ್ಯೂಟರಿನ ಗಡಿಯಾರ ದಿನಾ ಬೆಳಿಗ್ಗೆ ಆ ಹಳೆಯ ಜನವರಿಗೇ ಹೋಗಿ ನಿಲ್ಲುತ್ತಿತ್ತು.

ಹುಡುಗಿಗೆ ಈಗ ಎಲ್ಲ ಹೊಳೆಯಿತು. ಅವಳೇ ಬರೆದ ನಾಲ್ಕು ಸಾಲಿನ ಶೆಲ್ ಸ್ಕ್ರಿಪ್ಟೊಂದು, ಅಂದರೆ ಕಂಪ್ಯೂಟರಿಗೆ ಕೊಟ್ಟ ಆಜ್ಞೆಗಳ ಪಟ್ಟಿ, ದಿನಾ ಸಂಜೆ ತಾನಾಗಿ ಓಡುತ್ತಿತ್ತು. ಮೇಷ್ಟ್ರ ಬಳಿ ಇರುವ ಪ್ರತಿ, ಕಚೇರಿಯ ದೊಡ್ಡ ಕಂಪ್ಯೂಟರಿನ ಪ್ರತಿ, ಎರಡರ ತಾರೀಕು ವೇಳೆಗಳನ್ನು ಹೋಲಿಸಿ, ಹಳೆಯದನ್ನು ಅಳಿಸಿ ಹೊಸದನ್ನು ಎರಡೂ ಕಡೆ ಉಳಿಸುವುದು ಅದರ ಕೆಲಸ. ಮೇಷ್ಟ್ರು ತಿದ್ದಿದ್ದೆಲ್ಲ ಅದರ ಲೆಕ್ಕದಲ್ಲಿ ಹದಿನಾಲ್ಕು ವರ್ಷ ಹಳೆಯದು. ಹೇಳಿದ್ದನ್ನು ಚಾಚೂ ತಪ್ಪದೆ ಮಾಡುವ ಸ್ಕ್ರಿಪ್ಟು, ಪಾಪ, ದಿನಾ ತಿದ್ದಿದ್ದನ್ನು ಅಳಿಸಿ ತಪ್ಪನ್ನೇ ತಂದು ಕೂರಿಸಿತ್ತು.

“ನನ್ನದೇ ತಪ್ಪು. ನಿಮಗೆ ಮರೆವು ಶುರುವಾಗಿದೆ ಅಂತ ಯಜಮಾನರ ಕಿವಿಗೆ ಹಾಕಿದ್ದೂ ನಾನೇ,” ಎಂದಳು ಹುಡುಗಿ, ತಲೆ ಎತ್ತದೆ.

ಮೇಷ್ಟ್ರಿಗೆ ಸಿಟ್ಟು ಬರಬೇಕಿತ್ತು. ಎದೆಯ ಮೇಲಿನ ಬಂಡೆ ಇಳಿದವರಿಗೆ ಸಿಟ್ಟು ಎಲ್ಲಿಂದ ಬರಬೇಕು? ಬಿಡಮ್ಮ, ನಾನೂ ಅದನ್ನೇ ನಂಬಿದ್ದೆ ಎಂದರು. ಹಾಗಾದರೆ ಈ ಪತ್ರವನ್ನು ಏನು ಮಾಡಲಿ ಎಂದು ಅವಳು ಕೇಳಿದಳು.

“ಅಷ್ಟು ಹಳೇ ಪತ್ರ ಈಗ ಯಾರಿಗೆ ಬೇಕು? ತೆಗೆದುಹಾಕು,” ಎಂದು ಸತ್ತ ಸೆಲ್ಲನ್ನು ಜೇಬಿಗೆ ಹಾಕಿಕೊಂಡರು.

ಮನೆಗೆ ಬಂದು ಅದನ್ನು ಹೆಂಡತಿಯ ಅಂಗೈಯಲ್ಲಿಟ್ಟು, ಇಷ್ಟು ದಿನ ನೀನು ತಾರೀಕು ಕೇಳಬೇಕಾಗಿದ್ದದ್ದು ಇದನ್ನ ಎಂದು ಕಥೆಯೆಲ್ಲ ಹೇಳಿದರು. ಅವಳು ಸೆಲ್ಲನ್ನು ಮುಷ್ಟಿಯಲ್ಲಿ ಹಿಡಿದುಕೊಂಡೇ ಬಹಳ ಹೊತ್ತು ಅತ್ತಳು.

ಮರುದಿನ ಬೆಳಿಗ್ಗೆ ಕಾಫಿ ಕೊಡುವಾಗ, ಅಭ್ಯಾಸಬಲ ನೋಡಿ, “ಇವತ್ತು ಯಾವ ವಾರ?” ಎಂದು ಬಾಯಿತಪ್ಪಿ ಕೇಳಿ ನಾಲಿಗೆ ಕಚ್ಚಿಕೊಂಡಳು.

ಮೇಷ್ಟ್ರು ಯೋಚಿಸಿದರು. ಹೊಳೆಯಲಿಲ್ಲ.

“ಗೊತ್ತಿಲ್ಲ ಕಣೇ,” ಎಂದು ಹಾಯಾಗಿ ಕಾಫಿ ಹೀರಿದರು.