ಕೂಗದ ಮೊಲಗಳು

ಒಂಬತ್ತನೆಯ ಪುಟದಲ್ಲಿ ಲೀಲಾವತಿಯ ಪೆನ್ನು ನಿಂತಿತು. ಎಂಟು ಪುಟಗಳಿಗೆ ಸಹಿ ಬಿದ್ದಾಗಿತ್ತು. ಎದುರಿಗೆ ಕೂತಿದ್ದ ಅನಿರುದ್ಧ್ ಗೋಡಂಬಿ ಪಕೋಡಿಯ ತಟ್ಟೆಯನ್ನು ಅವಳ ಕಡೆ ಸರಿಸಿದ.

"ಅಷ್ಟು ಓದೂದೇನಿಲ್ರೀ ಆಂಟಿ. ಹ್ವಾದ ವರ್ಷದ್ದೇ ಪ್ರಯೋಗ, ಮತ್ತ ಹನ್ನೆರಡು ಮೊಲ."

ವಿಶಾಖಪಟ್ಟಣದ ಆ ಔಷಧ ಕಂಪನಿಯಲ್ಲಿ ಪ್ರಾಣಿಗಳಿಗೆ ಶಸ್ತ್ರಚಿಕಿತ್ಸೆ ಮಾಡಬೇಕಾದರೆ ಸಮಿತಿ ಒಪ್ಪಬೇಕು. ಸಮಿತಿಯಲ್ಲಿ ವಿಜ್ಞಾನಿಯಲ್ಲದ ಹೊರಗಿನವರೊಬ್ಬರು ಇರಲೇಬೇಕು ಎಂಬುದು ನಿಯಮ. ಅದೇ ಊರಿನ ಎಂವಿಪಿ ಕಾಲೋನಿಯ ಗೃಹಿಣಿ ಲೀಲಾವತಿಯ ಹೆಸರು ಸೂಚಿಸಿದವನು ಅನಿರುದ್ಧನೇ. ಕಂಪನಿಯ ವಿಜ್ಞಾನಿ, ಹುಬ್ಬಳ್ಳಿಯವನು, ಭಾನುವಾರಗಳಲ್ಲಿ ಅವಳ ಮನೆಗೆ ಬಂದು ಬಿಸಿಬೇಳೆಭಾತ್ ಉಂಡು ಹೋಗುವವನು. ಇವತ್ತು ಅವಳ ಸಹಿ ಬೀಳದಿದ್ದರೆ ಅವನ ಕೆಲಸ ಮೂರು ತಿಂಗಳು ಹಿಂದೆ ಬೀಳುತ್ತಿತ್ತು.

"ಇಲ್ಲಿ 'ನೋವು ಕಂಡುಬಂದರೆ ಔಷಧ' ಅಂತಿದೆಯಲ್ಲೋ. ಹೋದ ಸಲ ಎಷ್ಟು ಮೊಲಕ್ಕೆ ಕೊಟ್ರಿ?"

ಸಮಿತಿಯ ಅಧ್ಯಕ್ಷ, ಕನ್ನಡ ಬಲ್ಲ ಡಾಕ್ಟರ್ ಕಾಮೇಶ್ವರ ಹಳೆಯ ಫೈಲು ತಿರುವಿದರು. "ಯಾವುದಕ್ಕೂ ಇಲ್ಲಮ್ಮಾ. ನೋವು ಕಂಡುಬಂದಿಲ್ಲ."

"ಕಾಲಿನ ಮೂಳೆ ಕೊರೆದಿದ್ದೀರಿ. ಹನ್ನೆರಡರಲ್ಲಿ ಒಂದಕ್ಕೂ ನೋವಾಗಲಿಲ್ವೆ?"

"ಮೊಲಕ್ಕ ಭಾಳ ತಾಳ್ಮಿ ಇರ್ತದ್ರೀ," ಅನಿರುದ್ಧ್ ನಕ್ಕ.

ತಾಳ್ಮೆಯ ಮಾತು ಅವಳಿಗೆ ಹೊಸದಲ್ಲ. ವಿಜಯವಾಡದಲ್ಲಿದ್ದಾಗ ಪಟಮಟದ ನರ್ಸಿಂಗ್ ಹೋಮಿನಲ್ಲಿ ಗರ್ಭಕೋಶ ತೆಗೆಸಿಕೊಂಡು ಮಲಗಿದ್ದಳು. ಒಂದು ಸಲವೂ ಅಮ್ಮಾ ಅನ್ನಲಿಲ್ಲ ನಮ್ಮ ಹುಡುಗಿ ಎಂದು ಅತ್ತೆ ನೋಡಲು ಬಂದವರಿಗೆಲ್ಲ ಹೆಮ್ಮೆಯಿಂದ ಹೇಳುತ್ತಿದ್ದರು. ಅದನ್ನು ಕೇಳಿಸಿಕೊಂಡ ಮೇಲೆ ಅನ್ನುವುದಾದರೂ ಹೇಗೆ? ನರ್ಸು ಚೀಟಿಯಲ್ಲಿ 'ಆರಾಮ' ಎಂದು ಬರೆದುಕೊಂಡು ಹೋಗುತ್ತಿದ್ದಳು. ಎರಡನೆಯ ದಿನ ಹಾಸಿಗೆ ಬದಲಿಸಲು ಬಂದ ಆಯಾ, ಹೊದಿಕೆಯ ಒಂದು ಮೂಲೆ ಮಾತ್ರ ಹಿಂಡಿದ ಬಟ್ಟೆಯಂತೆ ಮುದುಡಿರುವುದನ್ನು ನೋಡಿದಳು. ಏನೂ ಕೇಳದೆ ಹೋಗಿ ಡಾಕ್ಟರನ್ನು ಕರೆತಂದಳು. ಇಂಜೆಕ್ಷನ್ ಬಿದ್ದು ಅರ್ಧ ಗಂಟೆಯಾದ ಮೇಲೆ ಲೀಲಾವತಿ ಬಾಯಿಬಿಟ್ಟು ಕೇಳಿದ್ದು ಮುಖ ತೊಳೆಯಲು ಒಂದಿಷ್ಟು ನೀರು.

ಅವಳು ಪೆನ್ನಿಗೆ ಮುಚ್ಚಳ ಹಾಕಿದಳು. "ಮೊಲಗಳನ್ನ ನೋಡ್ಕೊಳ್ಳೋರು ಯಾರು? ಅವರನ್ನ ಕರೀರಿ."

ಸೀತಾಮಹಾಲಕ್ಷ್ಮಿ ಒದ್ದೆ ಕೈಯನ್ನು ಸೆರಗಿಗೆ ಒರೆಸಿಕೊಳ್ಳುತ್ತ ಬಂದು ಬಾಗಿಲಲ್ಲೇ ನಿಂತಳು. ಆಪರೇಷನ್ ಆದ ಮಾರನೆಯ ದಿನ ಮೊಲ ಹೇಗಿರುತ್ತದೆ ಎಂದು ಲೀಲಾವತಿ ತೆಲುಗಿನಲ್ಲಿ ಕೇಳಿದಳು.

"ಗೋಡೆ ಕಡೆ ಮುಖ ಮಾಡಿ ಕೂತಿರ್ತವಮ್ಮಾ. ಸೊಪ್ಪು ಇಟ್ಟಲ್ಲೇ ಬಾಡತ್ತೆ. ಗಳಿಗೆಗೊಂದು ಸಲ ಮುಖ ತೊಳ್ಕೊಳ್ಳೋ ಪ್ರಾಣಿ, ಮೂರು ದಿನ ಮುಖಕ್ಕೆ ಕಾಲು ತಗಲಿಸಲ್ಲ."

"ಮತ್ತೆ ಅದನ್ನ ಬರೀಲಿಲ್ವಾ ನೀನು?" ಕಾಮೇಶ್ವರ ಕೇಳಿದರು.

"ಹಾಳೆಯಲ್ಲಿ 'ಕೂಗಿತೇ' ಅಂತ ಒಂದೇ ಪ್ರಶ್ನೆ ಸಾರ್. ಕೂಗಲಿಲ್ಲ. ಇಲ್ಲ ಅಂತ ಬರೆದೆ."

ಯಾರೂ ಪಕೋಡಿಗೆ ಕೈ ಹಾಕಲಿಲ್ಲ.

"ನೋವಿನ ಔಷಧ ಕೊಟ್ರ ಮೂಳಿ ಕೂಡೂದು ನಿಧಾನ ಆಗ್ತದ ಆಂಟಿ," ಅನಿರುದ್ಧನ ದನಿ ಇಳಿದಿತ್ತು. "ನನ್ನ ಪ್ರಯೋಗಾನೇ ಕೆಡ್ತದ."

"ಮೂಳೆಯ ತಂಟೆಗೆ ಹೋಗದ ಔಷಧವೂ ಇದೆ," ಎಂದರು ಕಾಮೇಶ್ವರ. "ತರಿಸೋಕೆ ಲೈಸೆನ್ಸ್ ಬೇಕು. ಸ್ವಲ್ಪ ರಗಳೆ. ಅದಕ್ಕೇ ಯಾರೂ ಆ ಸುದ್ದಿ ಎತ್ತಲ್ಲ."

"ಹಾಗಾದ್ರೆ ಬರಿ," ಲೀಲಾವತಿ ಹಾಳೆಯನ್ನು ಅನಿರುದ್ಧನತ್ತ ತಿರುಗಿಸಿದಳು. "ಮೊದಲ ಮೂರು ದಿನ ಗಡಿಯಾರ ನೋಡಿ ಕೊಡೋದು. ಆಮೇಲೆ ಇವಳು ಬೇಕು ಅಂದ್ರೆ ಮತ್ತೆ ಕೊಡೋದು. ನಾನು ಕೂತಿರ್ತೀನಿ. ಒಲೆ ಮೇಲೆ ಏನೂ ಇಟ್ಟು ಬಂದಿಲ್ಲ."

"ಅಂದ್ರ ಭಾನುವಾರದ ಬಿಸಿಬೇಳೆಭಾತ್ ಬಂದ್ ಆದಂಗ ಏನ್ರೀ?"

"ಬರೆದು ಮುಗಿಸು, ಹೇಳ್ತೀನಿ."

ಅನಿರುದ್ಧ್ 'ಕಂಡುಬಂದರೆ' ಎಂಬ ಪದವನ್ನು ಹೊಡೆದುಹಾಕಿದ. ಖಾಲಿ ಹಾಳೆಯೊಂದನ್ನು ಎಳೆದುಕೊಂಡು, ಕುರ್ಚಿಯನ್ನು ಬಾಗಿಲ ಕಡೆ ತಿರುಗಿಸಿ, ತನ್ನ ಹರಕು ತೆಲುಗಿನಲ್ಲಿ ಕೇಳಿದ: "ಬಂದು ಕೂತ್ಕೊಳ್ಳಿ ಅಮ್ಮಾ. ಸೊಪ್ಪು ಒಂದಾಯ್ತು. ಇನ್ನೂ ಏನೇನು ನೋಡಬೇಕು?"

ಲೈಸೆನ್ಸ್ ಬರಲು ಎರಡು ತಿಂಗಳು ಹಿಡಿಯಿತು. ಶಸ್ತ್ರಚಿಕಿತ್ಸೆಯ ಮಾರನೆಯ ಬೆಳಿಗ್ಗೆ, ಯಾರಿಗೂ ತಿಳಿಸದೆ, ಲೀಲಾವತಿ ಮೊಲಗಳ ಕೋಣೆಗೆ ಹೋದಳು. ಪಂಜರಕ್ಕೆ ಹೊಸ ಹಾಳೆ ತೂಗುಹಾಕಿದ್ದರು, ಅದರಲ್ಲಿ ನಾಲ್ಕು ಪ್ರಶ್ನೆ. ಮೂರಕ್ಕೆ ಉತ್ತರ ಬರೆದಾಗಿತ್ತು. ಕೊನೆಯದು, 'ಮುಖ ತೊಳೆದುಕೊಂಡಿತೇ?'

ಸೀತಾಮಹಾಲಕ್ಷ್ಮಿ ಪೆನ್ನು ಹಿಡಿದು ಕಾಯುತ್ತಿದ್ದಳು. ಒಳಗೆ ಮೊಲ ಮುಂಗಾಲೆರಡನ್ನೂ ನೆಕ್ಕಿ, ಒಂದು ಕಿವಿಯನ್ನು ಕೆಳಗೆಳೆದುಕೊಂಡು ಮುಖ ಉಜ್ಜತೊಡಗಿತು.